ಅಕ್ಷರ ಒಲಿಯದ ಮಕ್ಕಳಿಗೆ ಶಾಲೆಗಳು ದಾರಿ ಬಿಟ್ಟ ಕಥೆ

ಕೊನೆಯ ಬೆಂಚಿನಲ್ಲಿ ಕೂರುವ ಒಂದು ಮಗುವನ್ನು ನಾವೆಲ್ಲರೂ ಬಲ್ಲೆವು. ಮಾತಿನಲ್ಲಿ ಚುರುಕು. ಕಥೆ ಹೇಳಿದರೆ ಕಿವಿಗೊಟ್ಟು ಕೇಳುತ್ತದೆ. ಅಂಗಡಿಗೆ ಕಳಿಸಿದರೆ ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿ ತರುತ್ತದೆ. ಆದರೆ ಪುಸ್ತಕ ತೆರೆದರೆ ಅಕ್ಷರಗಳು ಅದಕ್ಕೆ ಒಲಿಯುವುದಿಲ್ಲ. ಶಾಲೆ ಅದನ್ನು ‘ದಡ್ಡ’ ಎನ್ನುತ್ತದೆ, ಮನೆ ‘ಸೋಮಾರಿ’ ಎನ್ನುತ್ತದೆ. ನಾಲ್ಕಾರು ವರ್ಷಗಳಲ್ಲಿ ಆ ಮಗುವೂ ಅದನ್ನೇ ನಂಬಿಬಿಡುತ್ತದೆ. ಇಂತಹ ಮಗುವಿಗಾಗಿ ಶಾಲೆ ತನ್ನ ಕ್ರಮವನ್ನು ಬದಲಿಸಿಕೊಳ್ಳಬೇಕೇ? ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕೇ? ಪ್ರಶ್ನೆಗಳನ್ನು ಓದಿ ಹೇಳಬೇಕೇ? ಈ ಪ್ರಶ್ನೆಗಳು ಹಲವು ದೇಶಗಳನ್ನು ಕಾಡಿವೆ. ಒಂದೊಂದು ದೇಶವೂ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ. ಆ ಉತ್ತರಗಳ ಇತಿಹಾಸವನ್ನು ಒಮ್ಮೆ ತಿರುವಿ ನೋಡಿದರೆ ನಮ್ಮ ಶಾಲೆಗಳು ಇಂದು ಎಲ್ಲಿ ನಿಂತಿವೆ ಎಂಬುದು ಸ್ಪಷ್ಟವಾಗುತ್ತದೆ.

ವೈದ್ಯರ ಕೋಣೆಯಲ್ಲಿ ಆರಂಭ

ಈ ತೊಂದರೆಯನ್ನು ಮೊದಲು ಗುರುತಿಸಿದವರು ಶಿಕ್ಷಕರಲ್ಲ, ವೈದ್ಯರು. 1877ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್, ಕಣ್ಣು ಸರಿಯಿದ್ದೂ ಮಾತು ಸರಿಯಿದ್ದೂ ಬರಹವನ್ನು ಓದಲಾರದ ರೋಗಿಗಳ ಸ್ಥಿತಿಯನ್ನು ‘ಪದಕುರುಡು’ ಎಂದು ಕರೆದ. ಸ್ಟುಟ್‌ಗಾರ್ಟ್‌ನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರ ತನ್ನ ಗ್ರಂಥದಲ್ಲಿ ಅದಕ್ಕೆ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಬಳಸಿದ. ಇವರಿಬ್ಬರೂ ಕಂಡದ್ದು ಮಿದುಳಿಗೆ ಪೆಟ್ಟು ಅಥವಾ ಕಾಯಿಲೆ ತಗಲಿ ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರನ್ನು.

ಮಕ್ಕಳಲ್ಲಿ ಇದು ಹುಟ್ಟಿನಿಂದಲೇ ಇರಬಹುದು ಎಂದು ಜಗತ್ತು ತಿಳಿದದ್ದು 1896ರ ನವೆಂಬರ್‌ನಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದ. ಏಳನೆಯ ವಯಸ್ಸಿನಿಂದ ಶಾಲೆ, ಮನೆಪಾಠ ಎಲ್ಲವೂ ನಡೆದಿದ್ದರೂ ಪರ್ಸಿಗೆ ಸಣ್ಣ ಪದಗಳನ್ನು ಓದುವುದೇ ಕಷ್ಟವಾಗಿತ್ತು. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದ. ಆದರೆ ಬೀಜಗಣಿತದ ಲೆಕ್ಕವನ್ನು ಸರಾಗವಾಗಿ ಬಿಡಿಸುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಈತನೇ ಶಾಲೆಯ ಅತ್ಯಂತ ಜಾಣ ಹುಡುಗನಾಗುತ್ತಿದ್ದ ಎಂದು ಆತನ ಮೇಷ್ಟ್ರು ಅಭಿಪ್ರಾಯಪಟ್ಟಿದ್ದರಂತೆ.

ಆ ಮೇಷ್ಟ್ರ ಮಾತಿನಲ್ಲೇ ಪರಿಹಾರವೂ ಅಡಗಿತ್ತು. ಪಾಠ ಮತ್ತು ಪರೀಕ್ಷೆ ಮಾತಿನಲ್ಲಿ ನಡೆಯಲಿ ಎಂಬುದೇ ಇಂದು ‘ಅನುಕೂಲ ಕಲ್ಪಿಸುವುದು’ ಎಂದು ನಾವು ಕರೆಯುವ ವಿಚಾರ. ಆದರೆ ಆ ಹೊಳಹು ಕಾನೂನಾಗಿ ಶಾಲೆಯ ಬಾಗಿಲಿಗೆ ಬರಲು ಮುಕ್ಕಾಲು ಶತಮಾನವೇ ಬೇಕಾಯಿತು. ನಡುವಿನ ಅವಧಿಯಲ್ಲಿ ಕೆಲವರು ಮಾತ್ರ ಈ ಮಕ್ಕಳ ಪರವಾಗಿ ನಿಂತರು. ಗ್ಲಾಸ್ಗೋದ ನೇತ್ರವೈದ್ಯ ಜೇಮ್ಸ್ ಹಿನ್ಶೆಲ್‌ವುಡ್ 1917ರಲ್ಲಿ ಒಂದು ಪುಸ್ತಕವನ್ನೇ ಬರೆದು, ಇಂತಹ ಮಕ್ಕಳನ್ನು ಬುದ್ಧಿಮಾಂದ್ಯರೆಂದು ತಿಳಿಯಬಾರದು, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಕಲಿಸಬೇಕು ಎಂದ. ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಯಾಮ್ಯುಯೆಲ್ ಆರ್ಟನ್ 1925ರಲ್ಲಿ ಹಳ್ಳಿಯ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ, ಓದಲಾರದ ಮಕ್ಕಳಲ್ಲಿ ಹಲವರ ಬುದ್ಧಿ ಸಾಮಾನ್ಯ ಮಟ್ಟದ್ದೇ ಎಂದು ತೋರಿಸಿದ. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ಬಳಸಿ ಅಕ್ಷರ ಕಲಿಸುವ ಕ್ರಮವನ್ನು ಆತ ಮತ್ತು ಆ್ಯನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ರೂಪಿಸಿದರು.

ಹೆತ್ತವರ ಹೋರಾಟ

ಯಾವ ದೇಶದಲ್ಲೂ ಶಾಲೆಗಳು ತಾವಾಗಿಯೇ ಬದಲಾಗಲಿಲ್ಲ. ಬದಲಾವಣೆಯ ಹಿಂದೆ ಹೆತ್ತವರ ಹಟವಿತ್ತು. 1963ರ ಏಪ್ರಿಲ್ 6ರಂದು ಚಿಕಾಗೋದಲ್ಲಿ ಇಂತಹ ಮಕ್ಕಳ ತಂದೆತಾಯಿಗಳು ಸೇರಿದ್ದರು. ಒಬ್ಬ ವೈದ್ಯ ಒಂದು ಹೆಸರು ಹೇಳಿದರೆ ಇನ್ನೊಬ್ಬ ಮತ್ತೊಂದು ಹೇಳುತ್ತಿದ್ದ ಕಾಲ ಅದು. ಅಲ್ಲಿ ಶಿಕ್ಷಣತಜ್ಞ ಸ್ಯಾಮ್ಯುಯೆಲ್ ಕರ್ಕ್ ‘ಕಲಿಕಾ ನ್ಯೂನತೆ’ ಎಂಬ ಪದವನ್ನು ಅವರ ಮುಂದಿಟ್ಟ. ಸರಕಾರದ ಮುಂದೆ ಒಂದೇ ಹೆಸರಿನಲ್ಲಿ ಕೇಳಲು ಹೆತ್ತವರಿಗೆ ಒಂದು ಪದ ಸಿಕ್ಕಿತು. ಅದೇ ಹೆಸರಿನ ಸಂಘಟನೆಯೂ ಹುಟ್ಟಿಕೊಂಡಿತು.

ಹತ್ತು ವರ್ಷಗಳ ಬಳಿಕ, 1973ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿತು. ಅದರ 504ನೆಯ ಸೆಕ್ಷನ್, ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲತೆಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದಿತು. ಆದರೆ ಅದನ್ನು ಜಾರಿಗೊಳಿಸುವ ನಿಯಮಗಳಿಗೆ ಸರಕಾರ ನಾಲ್ಕು ವರ್ಷ ಸಹಿ ಹಾಕಲಿಲ್ಲ. 1977ರ ಏಪ್ರಿಲ್‌ನಲ್ಲಿ ಗಾಲಿಕುರ್ಚಿಯವರು, ಅಂಧರು, ಕಿವುಡರು ಒಟ್ಟಾಗಿ ಸ್ಯಾನ್‌ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದೊಳಗೆ ಮೂರು ವಾರಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಏಪ್ರಿಲ್ 28ರಂದು ಸಹಿ ಬಿತ್ತು. ಇಂದು ಅಮೆರಿಕದ ಡಿಸ್ಲೆಕ್ಸಿಯಾ ಇರುವ ಮಗುವೊಂದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಪಡೆಯುವುದು ಬಹುಪಾಲು ಆ ಸೆಕ್ಷನ್‌ನ ಬಲದಿಂದ ಎಂಬುದನ್ನು ನೆನೆದರೆ, ಕಣ್ಣಿಗೆ ಕಾಣುವ ವೈಕಲ್ಯವುಳ್ಳವರು ಕಾಣದ ತೊಂದರೆಯುಳ್ಳವರಿಗೂ ದಾರಿ ಮಾಡಿಕೊಟ್ಟರೆಂಬುದು ತಿಳಿಯುತ್ತದೆ.

ಈ ನಡುವೆ, 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎಲ್ಲ ವಿಕಲಚೇತನ ಮಕ್ಕಳಿಗೆ ಶಿಕ್ಷಣ ನೀಡುವ ಮಸೂದೆಗೆ ಸಹಿ ಹಾಕಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಸಾರ್ವಜನಿಕ ಶಾಲೆಗಳಿಂದ ಪೂರ್ತಿಯಾಗಿ ಹೊರಗುಳಿದಿದ್ದಾರೆಂದು ಆ ಕಾನೂನೇ ಒಪ್ಪಿಕೊಂಡಿತ್ತು. ಪ್ರತಿ ಮಗುವಿಗೂ ಒಂದು ಲಿಖಿತ ಶಿಕ್ಷಣ ಯೋಜನೆ ಇರಬೇಕು, ಅದನ್ನು ರೂಪಿಸುವಾಗ ಹೆತ್ತವರು ಮೇಜಿನ ಬಳಿ ಕೂರಬೇಕು, ಒಪ್ಪಿಗೆಯಾಗದಿದ್ದರೆ ಪ್ರಶ್ನಿಸುವ ಹಕ್ಕು ಅವರಿಗಿರಬೇಕು ಎಂದು ವಿಧಿಸಲಾಯಿತು.

ಯೋಜನೆ ಕಾಗದದಲ್ಲಿದ್ದರೆ ಸಾಕೇ? ದಕ್ಷಿಣ ಕೆರೊಲಿನಾದ ಶ್ಯಾನನ್ ಕಾರ್ಟರ್ ಎಂಬ ಹುಡುಗಿಯ ಮೊಕದ್ದಮೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಒಂಬತ್ತನೆಯ ತರಗತಿಯಲ್ಲಿದ್ದ ಆಕೆಗೆ ಸರಕಾರಿ ಶಾಲೆ ಬರೆದುಕೊಟ್ಟ ಯೋಜನೆಯ ಗುರಿ, ಒಂದು ವರ್ಷದಲ್ಲಿ ನಾಲ್ಕು ತಿಂಗಳಷ್ಟು ಪ್ರಗತಿ! ಹೆತ್ತವರು ಆಕೆಯನ್ನು ಖಾಸಗಿ ಶಾಲೆಗೆ ಸೇರಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರವಾಗಿ ತೀರ್ಪಿತ್ತು, ಖಾಸಗಿ ಶಾಲೆಯ ವೆಚ್ಚವನ್ನು ಭರಿಸುವ ಹೊಣೆ ಸರಕಾರಿ ಶಾಲಾ ಮಂಡಳಿಯದೇ ಎಂದು ಹೇಳಿತು.

ಬ್ರಿಟನ್ನಿನ ಕಥೆ ಇನ್ನೂ ನಿಧಾನದ್ದು. 1962ರಲ್ಲಿ ಲಂಡನ್ನಿನಲ್ಲಿ ‘ಪದಕುರುಡು ಕೇಂದ್ರ’ ತೆರೆಯಿತು. 1972ರಲ್ಲಿ ಮುಚ್ಚಿದ ಆ ಕೇಂದ್ರದ ಸಂಶೋಧನಾ ವರದಿಯನ್ನು ಬರೆದವರು ಸಂಧ್ಯಾ ನಾಯ್ಡು. ಅದೇ ವರ್ಷ ಬ್ರಿಟಿಷ್ ಡಿಸ್ಲೆಕ್ಸಿಯಾ ಸಂಘ ಹುಟ್ಟಿತು. ಆದರೂ ಡಿಸ್ಲೆಕ್ಸಿಯಾ ಎಂಬುದು ಮಧ್ಯಮವರ್ಗದ ಹೆತ್ತವರು ತಮ್ಮ ದಡ್ಡ ಮಕ್ಕಳಿಗೆ ಹುಡುಕಿಕೊಂಡ ನೆಪ ಎಂಬ ಲೇವಡಿ ಬಹಳ ಕಾಲ ನಿಲ್ಲಲಿಲ್ಲ. ಈ ಲೇವಡಿಯ ಬೆಲೆಯನ್ನು ತೆತ್ತವರಲ್ಲಿ ಪಮೇಲಾ ಫೆಲ್ಪ್ಸ್ ಒಬ್ಬರು. ಶಾಲೆ ಮುಗಿಯಲು ಕೆಲವೇ ವಾರಗಳಿದ್ದಾಗ, ಹದಿನಾರರ ವಯಸ್ಸಿನಲ್ಲಿ, ಆಕೆಗೆ ತೀವ್ರ ಡಿಸ್ಲೆಕ್ಸಿಯಾ ಇದೆಯೆಂದು ತಿಳಿಯಿತು. ಅದಕ್ಕೂ ಮುಂಚೆ ಸ್ಥಳೀಯ ಆಡಳಿತದ ಮನಶ್ಶಾಸ್ತ್ರಜ್ಞರು ಆಕೆಯನ್ನು ಪರೀಕ್ಷಿಸಿದ್ದರೂ ಅದು ಪತ್ತೆಯಾಗಿರಲಿಲ್ಲ. 1997ರಲ್ಲಿ ಹೈಕೋರ್ಟು ಸುಮಾರು 45,000 ಪೌಂಡ್ ಪರಿಹಾರ ಕೊಡಿಸಿತು, ಮೇಲ್ಮನವಿಯಲ್ಲಿ ಅದು ರದ್ದಾಯಿತು, 2000ದ ಜುಲೈಯಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಮರಳಿ ಎತ್ತಿಹಿಡಿಯಿತು. ಮಗುವಿನ ತೊಂದರೆಯನ್ನು ಗುರುತಿಸುವಲ್ಲಿ ನಿರ್ಲಕ್ಷ್ಯ ತೋರಿದರೆ ಆಡಳಿತ ಉತ್ತರ ಹೇಳಬೇಕಾಗುತ್ತದೆ ಎಂಬುದು ಅಂದು ಸ್ಥಾಪಿತವಾಯಿತು.

ಅನುಮಾನ ಮತ್ತು ವಂಚನೆ

ಅನುಕೂಲಗಳು ಸಿಕ್ಕ ಮೇಲೆ ‘ಇದು ಮೋಸವಲ್ಲವೇ’ ಎಂಬ ಪ್ರಶ್ನೆ ಎದ್ದಿತು. 1995ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಉನ್ನತಾಧಿಕಾರಿ ಜಾನ್ ವೆಸ್ಟ್ಲಿಂಗ್ ತಮ್ಮ ಭಾಷಣಗಳಲ್ಲಿ ‘ತೂಕಡಿಸುವ ಸಮಂತಾ’ ಎಂಬ ವಿದ್ಯಾರ್ಥಿನಿಯ ಕಥೆ ಹೇಳುತ್ತಿದ್ದರು. ತನಗೆ ಕಲಿಕಾ ನ್ಯೂನತೆ ಇದೆ, ತರಗತಿಯಲ್ಲಿ ನಿದ್ದೆ ಹೋದರೂ ಆ ಪಾಠವನ್ನು ತನಗೆ ಬೇರೆಯಾಗಿ ತಿಳಿಸಿಕೊಡಬೇಕು ಎಂದು ಆಕೆ ಕೇಳಿದಳಂತೆ. ಸಭಿಕರು ನಗುತ್ತಿದ್ದರು. ವಿಶ್ವವಿದ್ಯಾಲಯವು ಅನುಕೂಲಗಳ ನಿಯಮವನ್ನು ಬಿಗಿಗೊಳಿಸಿದಾಗ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಸಮಂತಾ ಎಂಬವಳು ಇರಲೇ ಇಲ್ಲ, ಆಕೆಯನ್ನು ತಾವೇ ಸೃಷ್ಟಿಸಿದ್ದು ಎಂದು ವೆಸ್ಟ್ಲಿಂಗ್ ಅಲ್ಲಿ ಒಪ್ಪಿಕೊಳ್ಳಬೇಕಾಯಿತು. 1997ರ ತೀರ್ಪಿನಲ್ಲಿ ನ್ಯಾಯಾಧೀಶೆ ಪ್ಯಾಟಿ ಸ್ಯಾರಿಸ್ ವಿದ್ಯಾರ್ಥಿಗಳಿಗೆ ಪರಿಹಾರ ಕೊಡಿಸಿದರು. ಆದರೆ ಎಲ್ಲವನ್ನೂ ಕೊಡಲಿಲ್ಲ. ವಿದೇಶಿ ಭಾಷೆಯ ಕಡ್ಡಾಯವನ್ನು ಕೈಬಿಡಬೇಕೇ ಎಂಬುದನ್ನು ವಿಶ್ವವಿದ್ಯಾಲಯವೇ ಕೂಲಂಕಷವಾಗಿ ಚರ್ಚಿಸಲಿ ಎಂದರು. ಚರ್ಚೆಯ ಬಳಿಕ ಆ ಕಡ್ಡಾಯ ಉಳಿಯಿತು, ನ್ಯಾಯಾಲಯವೂ ಅದನ್ನು ಒಪ್ಪಿತು. ಕಲಿಯಬೇಕಾದುದನ್ನು ಬಿಟ್ಟುಕೊಡುವುದು ಬೇರೆ, ಕಲಿತದ್ದನ್ನು ತೋರಿಸಲು ದಾರಿ ಮಾಡಿಕೊಡುವುದು ಬೇರೆ ಎಂಬ ವ್ಯತ್ಯಾಸ ಇಲ್ಲಿದೆ.

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ ಹೆಚ್ಚುವರಿ ಸಮಯ ಪಡೆದವರ ಅಂಕಪಟ್ಟಿಯ ಮೇಲೆ ಹಿಂದೆ ಒಂದು ಗುರುತು ಬೀಳುತ್ತಿತ್ತು. ಕೈಗಳಿಲ್ಲದ ವಿದ್ಯಾರ್ಥಿಯೊಬ್ಬರು ಇನ್ನೊಂದು ಪ್ರವೇಶ ಪರೀಕ್ಷೆಯ ಇಂತಹದೇ ಗುರುತಿನ ವಿರುದ್ಧ ಹೂಡಿದ ಮೊಕದ್ದಮೆಯ ಪರಿಣಾಮವಾಗಿ, 2003ರ ಅಕ್ಟೋಬರ್‌ನಿಂದ ಎಸ್‌ಎಟಿ ಅಂಕಪಟ್ಟಿಯಲ್ಲೂ ಆ ಗುರುತು ಇಲ್ಲವಾಯಿತು. ನ್ಯಾಯವೇನೋ ದೊರೆಯಿತು. ಆದರೆ ಅದು ಎಲ್ಲರಿಗೂ ಸಮನಾಗಿ ದೊರೆಯಿತೇ? 2000ದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪರಿಶೋಧಕರು ನೋಡಿದಾಗ, ಹೆಚ್ಚುವರಿ ಸಮಯ ಪಡೆದವರಲ್ಲಿ ಬಿಳಿಯರು ಮತ್ತು ಸಿರಿವಂತ ಕುಟುಂಬದವರೇ ಹೆಚ್ಚಾಗಿದ್ದರು. 2019ರಲ್ಲಿ ಬಯಲಾದ ಅಮೆರಿಕದ ಪ್ರವೇಶ ಹಗರಣದಲ್ಲಂತೂ, ರಿಕ್ ಸಿಂಗರ್ ಎಂಬ ದಲ್ಲಾಳಿ ಶ್ರೀಮಂತರ ಮಕ್ಕಳಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಮಾಡಿಸಿಕೊಂಡು ಹೆಚ್ಚುವರಿ ಸಮಯ ಪಡೆಯಿರಿ ಎಂದು ಸಲಹೆ ಕೊಟ್ಟು, ಆ ಮರೆಯಲ್ಲಿ ಉತ್ತರಗಳನ್ನೇ ತಿದ್ದಿಸುತ್ತಿದ್ದ.

ಇದರಿಂದ ಅನುಕೂಲಗಳೇ ತಪ್ಪು ಎಂದು ತೀರ್ಮಾನಿಸುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವವನನ್ನು ನಾವು ಮೋಸಗಾರ ಎನ್ನುವುದಿಲ್ಲ. ದೋಷವಿರುವುದು ನೆರವೆಲ್ಲವನ್ನೂ ಒಂದು ದುಬಾರಿ ಕಾಗದಕ್ಕೆ ಕಟ್ಟಿಹಾಕಿದ ವ್ಯವಸ್ಥೆಯಲ್ಲಿ. ಹಣವಿದ್ದವರು ಆ ಕಾಗದವನ್ನು ಬೇಗ ಪಡೆಯುತ್ತಾರೆ. ಕೆಲವರು ಅಗತ್ಯವಿಲ್ಲದೆಯೂ ಪಡೆಯುತ್ತಾರೆ. ನಿಜವಾಗಿ ಬೇಕಾದ ಬಡವನ ಮಗು ಆ ಕಾಗದದ ಹೆಸರನ್ನೂ ಕೇಳಿರುವುದಿಲ್ಲ.

ಬೇರೆ ದಾರಿ ಹಿಡಿದವರು

ಇಟಲಿ 1977ರಲ್ಲೇ ವಿಕಲಚೇತನ ಮಕ್ಕಳನ್ನು ಸಾಮಾನ್ಯ ತರಗತಿಗಳಿಗೆ ಕರೆತಂದ ದೇಶ. ಆದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕಾನೂನು ಬಂದದ್ದು 2010ರ ಅಕ್ಟೋಬರ್‌ನಲ್ಲಿ, 170ನೆಯ ಸಂಖ್ಯೆಯ ಕಾಯ್ದೆಯಾಗಿ. ಅದು ಎರಡು ಬಗೆಯ ನೆರವನ್ನು ಹೇಳುತ್ತದೆ. ಒಂದು, ಕೊರತೆಯನ್ನು ತುಂಬುವ ಸಾಧನಗಳು: ಓದಿ ಹೇಳುವ ಕಂಪ್ಯೂಟರ್, ಧ್ವನಿಮುದ್ರಣ, ಕ್ಯಾಲ್ಕ್ಯುಲೇಟರ್. ಇನ್ನೊಂದು, ಅನಗತ್ಯ ನೋವಿನಿಂದ ಬಿಡುಗಡೆ: ಉದಾಹರಣೆಗೆ, ಇಡೀ ತರಗತಿಯ ಎದುರು ಗಟ್ಟಿಯಾಗಿ ಓದಬೇಕೆಂಬ ಕಡ್ಡಾಯದಿಂದ ವಿನಾಯಿತಿ. ಎದ್ದುನಿಂತು ಓದಲಾಗದೆ ತಲೆತಗ್ಗಿಸಿದ ಮಗುವಿಗೆ ಈ ಎರಡನೆಯದರ ಬೆಲೆ ಚೆನ್ನಾಗಿ ಗೊತ್ತು.

ಜಪಾನ್ ಪರೀಕ್ಷೆಗಳ ದೇಶ. ಅಲ್ಲಿ 2004ರಲ್ಲಿ ಬೆಳವಣಿಗೆಯ ನ್ಯೂನತೆಯುಳ್ಳವರ ಬೆಂಬಲಕ್ಕೆ ಕಾನೂನಾಯಿತು. 2011ರ ರಾಷ್ಟ್ರೀಯ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಿಂದ ಇಂತಹ ವಿದ್ಯಾರ್ಥಿಗಳಿಗೆ 1.3 ಪಟ್ಟು ಸಮಯ ಪಡೆಯುವ ಅವಕಾಶ ತೆರೆಯಿತು. ಅಂಕವೇ ಎಲ್ಲವೂ ಆಗಿರುವ ಸಮಾಜವೂ ಸಮಯದ ಅಳತೆಗೋಲನ್ನು ಸಡಿಲಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ನಮ್ಮ ಗಮನವನ್ನು ಹೆಚ್ಚು ಸೆಳೆಯುವುದು ಫಿನ್‌ಲೆಂಡ್. ಅಲ್ಲಿ 1970ರ ದಶಕದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸಮಾನ ಶಾಲೆ ಬಂದಾಗ ಒಂದು ಪ್ರಶ್ನೆ ಎದುರಾಯಿತು: ಹಿಂದುಳಿಯುವ ಮಕ್ಕಳನ್ನು ಏನು ಮಾಡುವುದು? ಶಾಲೆಗಳಲ್ಲೇ ವಿಶೇಷ ಶಿಕ್ಷಕರನ್ನು ನೇಮಿಸಿದರು. ಓದಿನಲ್ಲೋ ಲೆಕ್ಕದಲ್ಲೋ ಎಡವುತ್ತಿರುವ ಮಗು ವಾರಕ್ಕೆ ಕೆಲವು ಗಂಟೆ ಆ ಶಿಕ್ಷಕರ ಬಳಿ ಹೋಗಿ ಕಲಿತು ತನ್ನ ತರಗತಿಗೆ ಮರಳುತ್ತದೆ. ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಗಿರಲಿಲ್ಲ. 2010ರ ದಶಕದಲ್ಲಿ ಐವರಲ್ಲಿ ಒಬ್ಬ ವಿದ್ಯಾರ್ಥಿ ಇಂತಹ ನೆರವು ಪಡೆಯುತ್ತಿದ್ದ. ಇಷ್ಟೊಂದು ಮಕ್ಕಳು ಹೋಗಿಬರುವಾಗ ಅದು ಅವಮಾನವಾಗಿ ಉಳಿಯುವುದಿಲ್ಲ. 2011ರಲ್ಲಿ ಈ ನೆರವನ್ನು ಮೂರು ಹಂತಗಳಾಗಿ ಕಾನೂನಿನಲ್ಲಿ ಬರೆದರು, 2025ರ ಆಗಸ್ಟ್‌ನಲ್ಲಿ ಆ ಕ್ರಮವನ್ನು ಮತ್ತೆ ಬದಲಿಸಿದರು. ಆದರೆ ಮಗು ಎಡವಿದ ಕೂಡಲೇ ಕೈಹಿಡಿಯಬೇಕು ಎಂಬ ಗುರಿಯನ್ನು ಬಿಟ್ಟಿಲ್ಲ.

ಕನ್ನಡದ ಮಗುವಿನ ಪಾಡು

ಬರೆದಂತೆ ಓದುವ, ಓದಿದಂತೆ ಬರೆಯುವ ನಮ್ಮ ಭಾಷೆಯಲ್ಲಿ ಇಂತಹ ತೊಂದರೆ ಇರಲಾರದು, ಇದು ಇಂಗ್ಲಿಷಿನ ರೋಗ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇಟಾಲಿಯನ್ ಕೂಡ ಬಹುತೇಕ ಬರೆದಂತೆ ಓದುವ ಭಾಷೆಯೇ. 2001ರಲ್ಲಿ ಸಂಶೋಧಕರು ಇಟಾಲಿಯನ್, ಇಂಗ್ಲಿಷ್, ಫ್ರೆಂಚ್ ಓದುವ ಡಿಸ್ಲೆಕ್ಸಿಯಾ ಇರುವವರ ಮಿದುಳನ್ನು ಪರೀಕ್ಷಿಸಿದಾಗ ಮೂವರಲ್ಲೂ ಒಂದೇ ಭಾಗದ ಚಟುವಟಿಕೆ ಕಡಿಮೆಯಿತ್ತು. ಇಟಾಲಿಯನ್ನರು ತಪ್ಪು ಕಡಿಮೆ ಮಾಡುತ್ತಿದ್ದರು, ಅಷ್ಟೇ. ಎಂದರೆ ಲಿಪಿ ಸರಳವಾದಲ್ಲಿ ತೊಂದರೆ ಇಲ್ಲವಾಗುವುದಿಲ್ಲ, ಮರೆಯಾಗುತ್ತದೆ. ಅಂತಹ ಮಗು ತಪ್ಪಿಲ್ಲದೆ ಓದಿದರೂ ಬಹಳ ನಿಧಾನವಾಗಿ ಓದಬಹುದು.

ಇನ್ನು ನಮ್ಮ ಲಿಪಿ ಅಷ್ಟೇನೂ ಸರಳವಲ್ಲ. ವರ್ಣಮಾಲೆಯಲ್ಲಿರುವುದು ಐವತ್ತರಷ್ಟು ಅಕ್ಷರಗಳಾದರೂ ಕಾಗುಣಿತ, ಒತ್ತಕ್ಷರಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಮಕ್ಕಳಿಗೆ ಅಕ್ಷರಗಳ ಮೇಲೆ ಪೂರ್ಣ ಹಿಡಿತ ಬರಲು ಒಂದೆರಡಲ್ಲ, ಹಲವು ವರ್ಷಗಳು ಬೇಕು ಎಂದು ತೋರಿಸಿತು. ಹಾಗಾದರೆ ಮೂರನೆಯ ತರಗತಿಯಲ್ಲಿ ತಡವರಿಸುವ ಮಗುವಿಗೆ ಕಲಿಕಾ ನ್ಯೂನತೆ ಇದೆಯೋ, ಅಥವಾ ಅದಕ್ಕೆ ಇನ್ನಷ್ಟು ಕಾಲ, ಇನ್ನಷ್ಟು ಅಭ್ಯಾಸ ಬೇಕೋ? ಮೇಲ್ನೋಟಕ್ಕೆ ಹೇಳಲಾಗದು.

ನಮ್ಮ ಮಕ್ಕಳ ಮುಂದೆ ಒಂದೇ ಲಿಪಿಯೂ ಇಲ್ಲ. ಕರಾವಳಿಯ ಮುಸ್ಲಿಮ್ ಮನೆಯ ಮಗು ಮನೆಯಲ್ಲಿ ಬ್ಯಾರಿ ಮಾತನಾಡುತ್ತದೆ, ಮದ್ರಸದಲ್ಲಿ ಅರಬಿ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುತ್ತದೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಯನ್ನು ಎಡದಿಂದ ಬಲಕ್ಕೆ ಓದುತ್ತದೆ. ಕಲಬುರಗಿ, ಬೀದರಿನ ಕಡೆ ಉರ್ದುವೂ ಸೇರುತ್ತದೆ. ತುಳು, ಕೊಂಕಣಿ, ಲಂಬಾಣಿ ಮನೆಮಾತಿನ ಮಕ್ಕಳ ಕಥೆಯೂ ಇದಕ್ಕೆ ಹತ್ತಿರದ್ದೇ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಹುಡುಗ ಜಪಾನಿನಲ್ಲಿ ಬೆಳೆದವನು, ಹೆತ್ತವರು ಇಂಗ್ಲಿಷ್ ಭಾಷಿಕರು. ಆತ ಜಪಾನಿ ಬರಹವನ್ನು ಸಲೀಸಾಗಿ ಓದುತ್ತಿದ್ದ, ಇಂಗ್ಲಿಷಿನಲ್ಲಿ ಮಾತ್ರ ತೀವ್ರವಾಗಿ ಎಡವುತ್ತಿದ್ದ. ಆದ್ದರಿಂದ ಒಂದು ಭಾಷೆಯ ಪುಸ್ತಕವನ್ನು ಮುಂದಿಟ್ಟು ಮಗುವನ್ನು ಅಳೆಯುವುದು ಅನ್ಯಾಯವಾದೀತು.

ಕಾನೂನಿನ ಮಟ್ಟಿಗೆ ಭಾರತ ತಡವಾಗಿಯಾದರೂ ಹೆಜ್ಜೆ ಇಟ್ಟಿದೆ. 1991ರಲ್ಲಿ ಮದ್ರಾಸ್ ಡಿಸ್ಲೆಕ್ಸಿಯಾ ಸಂಘ ಸ್ಥಾಪನೆಯಾಯಿತು. ಅದೇ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ಕಲಿಕಾ ನ್ಯೂನತೆಯನ್ನು ಪತ್ತೆಹಚ್ಚುವ ಪರೀಕ್ಷಾ ಕ್ರಮವನ್ನು ರೂಪಿಸಿತು. 1996ರಲ್ಲಿ ಮಹಾರಾಷ್ಟ್ರ ಪರೀಕ್ಷೆಗಳಲ್ಲಿ ಅನುಕೂಲಗಳನ್ನು ಕೊಡಲು ಮುಂದಾಯಿತು. ಆದರೆ 1995ರ ಅಂಗವಿಕಲರ ಕಾಯ್ದೆ ಪಟ್ಟಿ ಮಾಡಿದ ಏಳು ಬಗೆಗಳಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. 2007ರ ಡಿಸೆಂಬರ್‌ನಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಚಿತ್ರ ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮನೆಗೆ ತಲುಪಿಸಿತು. 2016ರ ಹೊಸ ಕಾಯ್ದೆ ಏಳನ್ನು ಇಪ್ಪತ್ತೊಂದಕ್ಕೇರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲವೂ ಅದರ 17ನೆಯ ಸೆಕ್ಷನ್‌ನಲ್ಲಿವೆ.

ಕಾಯ್ದೆ ಇದ್ದರೂ ಪರೀಕ್ಷಾ ಕೊಠಡಿಯಲ್ಲಿ ಅದು ಕೈಗೆ ಸಿಗುತ್ತದೆಯೇ? 2021ರ ಸೆಪ್ಟೆಂಬರ್‌ನ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಂದರೆಯುಳ್ಳ ವಿದ್ಯಾರ್ಥಿನಿಯೊಬ್ಬರಿಗೆ ಸಲ್ಲಬೇಕಾಗಿದ್ದ ಒಂದು ಗಂಟೆಯ ಹೆಚ್ಚುವರಿ ಸಮಯವನ್ನು ಕೊಡದೆ ಉತ್ತರಪತ್ರಿಕೆಯನ್ನು ಕಿತ್ತುಕೊಳ್ಳಲಾಯಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಅನ್ಯಾಯವೆಂದಿತು. ಮರುಪರೀಕ್ಷೆಗೆ ಆದೇಶಿಸಲಿಲ್ಲವಾದರೂ ಆಕೆಗಾದ ಅನ್ಯಾಯವನ್ನು ಸರಿಪಡಿಸುವ ದಾರಿಯನ್ನು ಒಂದು ವಾರದೊಳಗೆ ಕಂಡುಕೊಳ್ಳಿ ಎಂದು ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಎಷ್ಟು ಕುಟುಂಬಗಳಿಗಿದೆ?

ಅದೇ 2016ರ ಕಾಯ್ದೆಯಲ್ಲಿ ಕಡಿಮೆ ಜನ ಗಮನಿಸುವ ಇನ್ನೊಂದು ಮಾತಿದೆ. 16ನೆಯ ಸೆಕ್ಷನ್ ಪ್ರಕಾರ, ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದನ್ನು ದಾಟಲು ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳುವುದು ಶಾಲೆಯ ಹೊಣೆ. ಇಲ್ಲಿ ಹೊಣೆಯನ್ನು ಹೊರಿಸಿರುವುದು ಹೆತ್ತವರ ಮೇಲಲ್ಲ. ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ಎಂಟು ಒಂಬತ್ತು ವರ್ಷ ಮಗುವನ್ನು ಅದರ ಪಾಡಿಗೆ ಬಿಟ್ಟು, ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಪ್ರಮಾಣಪತ್ರಕ್ಕಾಗಿ ಓಡಾಡುತ್ತೇವೆ. ಓದಲು ಕಲಿಯದ ಮಗುವಿಗೆ ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟರೆ ಅದು ಪ್ರಶ್ನೆಪತ್ರಿಕೆಯನ್ನು ಇನ್ನಷ್ಟು ಹೊತ್ತು ನೋಡುತ್ತಾ ಕೂರಬಹುದು. ಆ ಇಪ್ಪತ್ತು ನಿಮಿಷ ಬೇಡವೆಂದಲ್ಲ. ಅದು ಹಕ್ಕು, ಖಂಡಿತ ಬೇಕು. ಆದರೆ ಎರಡನೆಯ ತರಗತಿಯಲ್ಲಿ ಕೊಡದ ನೆರವಿಗೆ ಅದು ಬದಲಿಯಲ್ಲ.

ಪ್ರತಿ ಸರಕಾರಿ ಶಾಲೆಗಲ್ಲದಿದ್ದರೂ ಪ್ರತಿ ಕ್ಲಸ್ಟರಿಗೆ ಒಬ್ಬ ತರಬೇತಾದ ವಿಶೇಷ ಶಿಕ್ಷಕ ಬೇಕು. ಆತನ ಬಳಿ ಹೋಗಲು ಮಗುವಿಗೆ ಕಾಗದ ಬೇಕಾಗಬಾರದು. ಜಿಲ್ಲಾಸ್ಪತ್ರೆಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಮಗುವನ್ನು ಪರೀಕ್ಷಿಸಬಲ್ಲವರು ಇರಬೇಕು. ಇದನ್ನು ನಮ್ಮ ಎಸ್‌ಡಿಎಂಸಿ ಸಭೆಗಳಲ್ಲಿ, ಗ್ರಾಮಸಭೆಗಳಲ್ಲಿ ಕೇಳಬೇಕಾದವರು ನಾವೇ. ಮದ್ರಸದ ಉಸ್ತಾದರೂ ಇಲ್ಲಿ ನೆರವಾಗಬಲ್ಲರು. ಕೇಳಿಸಿಕೊಂಡು ಚೆನ್ನಾಗಿ ಕಂಠಪಾಠ ಮಾಡುವ, ಆದರೆ ಅಕ್ಷರ ಕೂಡಿಸಲು ತಿಣುಕಾಡುವ ಮಗು ಅವರ ಕಣ್ಣಿಗೇ ಮೊದಲು ಬೀಳಬಹುದು. ಬೆತ್ತ ಹಿಡಿಯುವ ಬದಲು ಆ ಮಗುವಿನ ಹೆತ್ತವರನ್ನು ಕರೆದು ನಾಲ್ಕು ಮಾತು ಹೇಳಿದರೆ ಒಂದು ಬದುಕು ಉಳಿದೀತು. ಹೆತ್ತವರೂ ಅಷ್ಟೇ, ‘ನ್ಯೂನತೆ’ ಎಂಬ ಪದಕ್ಕೆ ಹೆದರಿ, ಮಗಳ ಮದುವೆಗೆ ಅಡ್ಡಿಯಾದೀತೆಂದು ಅಂಜಿ ಮುಚ್ಚಿಡಬಾರದು.

ಈ ಮಕ್ಕಳ ಇತಿಹಾಸದಲ್ಲಿ ಎಲ್ಲ ದೇಶಗಳಲ್ಲೂ ಕಾನೂನಿಗಿಂತ ಮೊದಲು ಬಂದದ್ದು ಸುಮ್ಮನೆ ಕೂರಲೊಪ್ಪದ ಒಬ್ಬ ತಾಯಿ, ಒಬ್ಬ ತಂದೆ, ಒಬ್ಬ ಮೇಷ್ಟ್ರು. ನಮ್ಮಲ್ಲಿ ಕಾನೂನು ಆಗಲೇ ಬಂದಿದೆ. ಅದರ ಹಿಂದೆ ನಿಂತು ಕೇಳುವವರು ಬೇಕಾಗಿದ್ದಾರೆ.